ಹುರುಳಿ ಕಂಡು ನಿಂತ ಕಾರು

ನಾನು ಕೊಪ್ಪಳದಲ್ಲಿ ದನದ ಡಾಕ್ಟರು. ಹಾಯುವ ಎತ್ತು, ಒದೆಯುವ ಎಮ್ಮೆ, ಇವುಗಳ ನಡುವೆಯೇ ತಲೆ ನರೆತಿದೆ. ಆದ್ದರಿಂದ ಹೇಳದೆಯೇ ಸರಿಯಾಗಿ ನಡೆದುಕೊಳ್ಳುವ ವಾಹನವೊಂದು ನನ್ನದಾಗಲಿ ಎಂದು ಆಸೆಪಟ್ಟೆ. ಅದು ತಪ್ಪೇ? ಆಗ ತಪ್ಪೆನ್ನಿಸಿರಲಿಲ್ಲ!

ಕಾರು ಮಾರಿದವನು ಬಹಳ ಭರವಸೆಯಿಂದ ಹೇಳಿದ್ದ. "ಈಗ ಬ್ರೇಕ್ ಅಷ್ಟ ತಾನ ಹಾಕ್ತೈತ್ರಿ. ಮುಂದ ಅಪ್‌ಡೇಟ್ ಬಂದಂಗ ಬಂದಂಗ ಎಲ್ಲಾ ಅದ ಮಾಡ್ತೈತಿ. ನೀವು ಆರಾಮ ಕುಂದರ್ರಿ."

ಅದೇ ಕಾರು ಕೊಂಡವರದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಎರಡು ಪಂಗಡ. ಅಪ್‌ಡೇಟ್ ಬಂದರೆ ಕಾರು ತಾನೇ ಓಡುತ್ತದೆ ಎನ್ನುವವರು, ಓಡಿದಾಗ ನೋಡೋಣ ಎನ್ನುವವರು. ನಾನು ಮೊದಲ ಪಂಗಡದ ಮುಖಂಡ. ಎರಡನೆಯದಕ್ಕೆ ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು. ಪ್ರತಿ ಸಲ ಅಪ್‌ಡೇಟ್ ಬಂದಾಗಲೂ ಅವರು ಬರೆಯುವುದು ಒಂದೇ ಮಾತು: "ಹಾಡಿನ ದನಿ ಒಂದೀಟು ಛಲೋ ಆಗೈತಿ. ಮತ್ತೇನೂ ಇಲ್ಲ." ಇಂಥವರಿಂದಲೇ ದೇಶ ಮುಂದೆ ಬರುತ್ತಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಗುಂಪಿನ ಹೊರಗೆ ಮೂರನೆಯ ಪಂಗಡವೊಂದಿತ್ತು. ಅದರಲ್ಲಿ ಒಬ್ಬರೇ ಇದ್ದರು, ನನ್ನ ಹೆಂಡತಿ ಗಿರಿಜಾಳ ತಂದೆ. ಯಲಬುರ್ಗಾ ತಾಲೂಕಿನ ಹಳ್ಳಿಯ ರೈತರು. ಕಾರು ತೋರಿಸಲು ಹೋದ ದಿನ ಅದರ ಸುತ್ತ ಒಂದು ಸಲ ನಡೆದು, ಬಾನೆಟ್ಟನ್ನು ತಟ್ಟಿ ಕೇಳಿದರು. "ತಾನ ನಿಲ್ತೈತಿ ಅಂತೀರಿ. ನಿಲ್ಲೋದು ಎಮ್ಮಿಗೂ ಗೊತ್ತೈತ್ರಿ ಡಾಕ್ಟರ್ರ. ಎಲ್ಲಿ ನಿಲ್ಲಬಾರದು ಅನ್ನೋದು ಇದಕ್ಕ ಗೊತ್ತೈತೇನು?"

"ಮುಂದಿನ ಅಪ್‌ಡೇಟ್‌ನಾಗ ಗೊತ್ತಾಕ್ಕೈತ್ರಿ ಮಾವಾರ" ಎಂದೆ.

"ಬರಲಿ ಬಿಡ್ರಿ, ನೋಡೂಣು" ಎಂದರು.

ಅಪ್‌ಡೇಟ್ ಬರುವ ಮೊದಲೇ ಮಾವ ಹೋಗಿಬಿಟ್ಟರು. ಅಂದಿನಿಂದ ಗಿರಿಜಾ ಮನಸಾರೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮನೆಯಲ್ಲಿ ಎಲ್ಲ ಕೆಲಸವೂ ನಡೆಯುತ್ತಿತ್ತು, ನಗುವೊಂದಿರಲಿಲ್ಲ. ಏನು ಮಾಡಬೇಕೋ ನನಗೆ ತಿಳಿಯುತ್ತಿರಲಿಲ್ಲ. ದನಕ್ಕಾದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು.

ಮಾವನ ವರ್ಷದ ಎಡೆ ಬಂತು. ಹಿಂದಿನ ದಿನವೇ, ವಿಧಿ ನೋಡಿ, ಕಾರನ್ನು ತಾನೇ ಓಡಿಸುವ ಅಪ್‌ಡೇಟ್ ಕೂಡ ಬಂತು!

ಗಿರಿಜಾ ನಸುಕಿನಲ್ಲೇ ಎದ್ದು ಅಪ್ಪನಿಗೆ ಇಷ್ಟವಾದ ಶೇಂಗಾ ಹೋಳಿಗೆ ಮಾಡಿದಳು. ಹೊತ್ತು ನೆತ್ತಿಯಿಂದ ಇಳಿಯುವುದರೊಳಗೆ ಮಗಳ ಕೈಯ ಹೋಳಿಗೆ ಅಪ್ಪನ ಎಡೆಗೆ ಬೀಳಬೇಕು. ಅದೊಂದೇ ಅವಳ ಆಸೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು.

"ಇವತ್ತೊಂದಿನ ನೀವ ಹೊಡೀರಿ. ನಿಮ್ಮ ಅಪ್‌ಡೇಟ್ ನಾಳಿ ನೋಡಿದ್ರಾತು" ಎಂದಳು.

"ಗಿರಿಜಾ, ಮಾವಾರು ಒಂದು ಪ್ರಶ್ನಿ ಕೇಳಿದ್ರು. ಅದಕ್ಕ ಉತ್ತರ ಕೊಡೋದು ನನ್ನ ಕರ್ತವ್ಯ!" ಎಂದೆ.

ಅವಳು ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ದೊಡ್ಡ ರಸ್ತೆಯಲ್ಲಿ ಕಾರು ಮದುಮಗನಂತೆ ಹೋಯಿತು. ಗೆರೆ ದಾಟಲಿಲ್ಲ, ಲಾರಿ ಕಂಡರೆ ತಗ್ಗಿ ಬಗ್ಗಿ ನಡೆಯಿತು. ಸ್ಟೀರಿಂಗ್ ಮೇಲೆ ಕೈ ಸುಮ್ಮನೆ ಇಟ್ಟುಕೊಂಡಿದ್ದೆ, ಅಷ್ಟೆ. ಗಿರಣಿಯವರಿಗೆ ಹಾಕಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಬರೆಯತೊಡಗಿದೆ. ಆಮೇಲೆ ಹಳ್ಳಿಯ ರಸ್ತೆಗೆ ತಿರುಗಿದೆವು.

ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡಗಳನ್ನು ರಸ್ತೆಯ ಮೇಲೆ ಹರವುತ್ತಾರೆ. ಹೋಗಿಬರುವ ಗಾಡಿಗಳು ತುಳಿದು ತುಳಿದು ಕಾಳು ಬಿಡಿಸುತ್ತವೆ. ಇದು ಇಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಅಪ್‌ಡೇಟಿಗೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಹುರುಳಿ ಕಂಡದ್ದೇ ತಡ, ಕಾರು ಗಕ್ಕನೆ ನಿಂತಿತು! ಗಿರಿಜಾ ಡಬ್ಬಿಯನ್ನು ಅವಚಿ ಹಿಡಿದಳು. ಪರದೆಯ ಮೇಲೆ "ಮುಂದೆ ಅಡಚಣೆ ಇದೆ" ಎಂಬ ಕೆಂಪು ಅಕ್ಷರ ಮಿನುಗತೊಡಗಿತು.

ಎಕ್ಸಲರೇಟರ್ ತುಳಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತುಳಿದರೆ ನಾನು ಸೋತಂತೆ. ತುಳಿಯಲಿಲ್ಲ.

ಹುರುಳಿ ತಿರುವುತ್ತಿದ್ದ ಹೆಂಗಸೊಬ್ಬಳು ಬಂದಳು. ಹೆಸರು ನಿಂಗಮ್ಮ ಎಂದು ಆಮೇಲೆ ತಿಳಿಯಿತು.

"ಗಾಡಿ ಕೆಟ್ಟೈತೇನ್ರಿ ಸಾಹೇಬ್ರ?"

"ಇಲ್ಲಬೇ. ಮುಂದ ಏನೋ ಅಡ್ಡ ಐತಿ ಅನ್ನಾಕತ್ತೈತಿ."

"ಅಡ್ಡ ಎಲ್ಲೈತ್ರಿ? ಹುರುಳಿ ಐತಿ. ತುಳೀಲಿ ಅಂತನ ಹಾಕೀವಿ. ಹೇಳ್ರಿ ಅದಕ್ಕ."

"ಹೇಳಿದ್ರ ಕೇಳಂಗಿಲ್ಲ. ಅದು ತಾನ ವಿಚಾರ ಮಾಡ್ತೈತಿ."

ನಿಂಗಮ್ಮ ಕಾರನ್ನು ಮರುಕದಿಂದ ನೋಡಿದಳು. "ಪಾಪ, ಮಾಡ್ಲಿ ಬಿಡ್ರಿ" ಎಂದಳು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಇಂಪಾದ ದನಿಯ ಹೆಣ್ಣುಮಗಳು ಪುಸ್ತಕದ ಕನ್ನಡದಲ್ಲಿ ಕೇಳಿದಳು. "ನಿಮ್ಮ ವಾಹನದ ಮುಂದೆ ಏನಿದೆ ಸರ್?"

"ಹುರುಳಿ."

"ಹುರುಳಿ ಎಂದರೆ ಪ್ರಾಣಿಯೇ ಸರ್?"

"ಕಾಳಮ್ಮಾ! ತುಳಿಯಾಕ ಹಾಕ್ಯಾರ!"

"ದಯವಿಟ್ಟು ಅದು ತಾನಾಗಿ ರಸ್ತೆ ದಾಟುವವರೆಗೆ ಕಾಯಿರಿ ಸರ್."

ಅಷ್ಟರಲ್ಲಿ ನನ್ನ ಹಿಂದೆ ಒಂದು ಟಂಟಂ ಆಟೋ, ಅದರ ಹಿಂದೆ ಬೈಕುಗಳು. ಎದುರಿನಿಂದ ಮೇವು ಹೇರಿದ ಟ್ರ್ಯಾಕ್ಟರ್ ಬಂದು ಮೂಗಿಗೆ ಮೂಗು ತಾಗಿಸಿ ನಿಂತಿತು. ಎಲ್ಲರೂ ಹಾರ್ನ್ ಹೊಡೆಯತೊಡಗಿದರು. ಗಿರಿಜಾಳ ತಮ್ಮ ಬಸು ಫೋನು ಮಾಡಿದ. "ಅಕ್ಕಾ, ಎಲ್ಲಿದ್ದೀರಿ? ಹೊತ್ತು ನೆತ್ತಿಗಿ ಬಂತು!"

ಗಿರಿಜಾ ಫೋನು ಇಟ್ಟು ಮೆಲ್ಲಗೆ ಕೇಳಿದಳು. "ಏನ್ರೀ, ಅಪ್ಪ ಕೇಳಿದ್ದು ಇದನ್ನ ಅಲ್ಲೇನು?"

ನನಗೆ ನಾಚಿಕೆಯಾಯಿತು. ತಾನೇ ಓಡುವ ವ್ಯವಸ್ಥೆಯನ್ನು ಬಂದ್ ಮಾಡಿ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದೆ. ರಸ್ತೆ ಕಿರಿದು, ಎರಡೂ ಬದಿ ಜಾಲಿ ಮುಳ್ಳು. ಎಲ್ಲರಿಗೂ ದಾರಿಯಾಗುವಂತೆ ಕಾರನ್ನು ಹಿಂದೆ ಮುಂದೆ ಸರಿಸಬೇಕಿತ್ತು. ನಿಂಗಮ್ಮ ತಾನಾಗಿಯೇ ಮುಂದೆ ಬಂದಳು. "ನಾ ದಾರಿ ತೋರಸ್ತೀನಿ, ಹೇಳಿದಂಗ ಹೊಡೀರಿ!"

ಎಂಥ ಉಪಕಾರಿ ಹೆಂಗಸು ಎಂದುಕೊಂಡೆ. ಹುರುಳಿಯ ಮೇಲೆ ಚಕ್ರ ಜಾರುತ್ತಿತ್ತು. ನಾನು ಎರಡೂ ಬದಿಯ ಮುಳ್ಳು ಬಿಟ್ಟು ಬೇರೆಲ್ಲೂ ನೋಡದೆ, ಅವಳ ದನಿಯೊಂದನ್ನೇ ನಂಬಿ ನಡೆದೆ.

"ಮುಂದಕ್ಕ ಬರ್ರಿ! ಹಾಂ, ಈಗ ಹಿಂದಕ್ಕ! ಎಡಕ್ಕ ಸರೀರಿ, ಎಡಕ್ಕ ಇನ್ನೂ ಭಾಳ ಉಳಿದೈತಿ!"

ಜಾಗ ಉಳಿದಿದೆ ಎಂದುಕೊಂಡು ಎಡಕ್ಕೆ ಸರಿದೆ. ಬಲಕ್ಕೂ ಉಳಿದೈತಿ ಎಂದಳು. ಬಲಕ್ಕೂ ಸರಿದೆ. ನಡುನಡುವೆ ಅವಳು ಕವೆಗೋಲಿನಿಂದ ಹುರುಳಿಯನ್ನು ತಿರುವಿ ಹಾಕುತ್ತಿದ್ದಳು. ನನ್ನ ಚಕ್ರಕ್ಕೆ ತೊಡಕಾಗದಿರಲೆಂದು ಎಷ್ಟು ಕಾಳಜಿ! ಬೆವರು ಒರೆಸಿಕೊಳ್ಳುತ್ತ ಮತ್ತೆ ಹಿಂದಕ್ಕೆ ಹೋದೆ, ಮತ್ತೆ ಮುಂದಕ್ಕೆ ಬಂದೆ.

ಪಕ್ಕದಲ್ಲಿ ಏನೋ ಸದ್ದು. ತಿರುಗಿ ನೋಡಿದರೆ ಗಿರಿಜಾ! ಡಬ್ಬಿಯ ಮೇಲೆ ತಲೆಯಿಟ್ಟು, ಮೈ ಕುಲುಕಿಸಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ಟ್ರ್ಯಾಕ್ಟರ್ ಆಗಲೇ ಹೋತ್ರಿ! ಹಿಂದಿನವ್ರೂ ಹೋದ್ರು! ಆಕಿ ನಿಮ್ಮ ಕಡಿಂದ ಹಂತಿ ಹೊಡಸಾಕತ್ಯಾಳ!"

ಹಂತಿ ಎಂದರೆ ಕಣದಲ್ಲಿ ಎತ್ತುಗಳನ್ನು ಸುತ್ತಿಸಿ ಕಾಳು ತುಳಿಸುವುದು. ರಸ್ತೆ ನೋಡಿದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಉಳಿದಿದ್ದದ್ದು ಜಾಗವಲ್ಲ, ತುಳಿಯದ ಹುರುಳಿ!

"ಮೊದಲ ಹೇಳಬಾರದಿತ್ತೇನು?" ಎಂದೆ.

"ಬಾಯಿ ತೆಗೆದ್ರ ನಗಿ ಬರ್ತಿತ್ರಿ" ಎಂದಳು. ಮತ್ತೆ ನಕ್ಕಳು. ನಗುತ್ತಲೇ ಅಳತೊಡಗಿದಳು. "ಅಪ್ಪ ನನ್ನನ್ನ ಹೆಗಲ ಮ್ಯಾಲೆ ಕುಂದರಸ್ಕೊಂಡು ಹಂತಿ ಹೊಡೀತಿದ್ದ. ಇಳಿ ಅಂದ್ರ ನಾ ಇಳೀತಿರಲಿಲ್ಲ."

ಕಿಟಕಿಯ ಬಳಿ ನಿಂಗಮ್ಮ ಬಂದಳು. ಅವಳ ಮುಖದಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. ಬೊಗಸೆ ತುಂಬ ಹುರುಳಿಕಾಳು ತಂದು ಗಿರಿಜಾಳ ಸೆರಗಿಗೆ ಸುರಿದಳು. "ತಗೋರಿ ಅಕ್ಕಾರ. ದುಡದವ್ರನ್ನ ಬರಿಗೈಲೆ ಕಳಸಬಾರದು."

ಊರು ಮುಟ್ಟಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಹೊಟ್ಟೆ ಹಸಿದ ಬೀಗರೆಲ್ಲ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದರು. ಮಗಳು ಬರುವತನಕ ಎಡೆ ಹಿಡಿಯಗೊಡುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದರಂತೆ. ಗಿರಿಜಾಳ ಎದೆಯ ಭಾರ ಇಳಿಯಿತು. ನನ್ನದು ಹೆಚ್ಚಿತು.

"ಮಾಮಾರ, ಗಾಡಿ ತಾನ ಓಡಿ ಬಂತೇನ್ರಿ?" ಎಂದು ಎಲ್ಲರ ಮುಂದೆ ಬಸು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಅಂದಳು. "ಗಾಡಿ ವಿಚಾರ ಮಾಡ್ಕೋತ ನಿಂತಿತ್ತು. ದುಡದವ್ರು ಇವ್ರು."

ಅವಳು ಎಡೆಗೆ ಹೋಳಿಗೆ ಇಟ್ಟಳು. ಪಕ್ಕದಲ್ಲಿ ಸೆರಗಿನ ಹುರುಳಿಕಾಳು ಸುರಿದು ಅಪ್ಪನ ಫೋಟೋಕ್ಕೆ ಹೇಳಿದಳು. "ಅಪ್ಪಾ, ನಿನ್ನ ಅಳಿಯ ಹಂತಿ ಹೊಡದು ತಂದಾರ." ಅತ್ತೆ ಕಣ್ಣೊರೆಸಿಕೊಂಡರು. ನಾನು ಅಡ್ಡಬಿದ್ದೆ. ಏಳಲು ಸ್ವಲ್ಪ ತಡಮಾಡಿದೆ.

ಸಂಜೆ ಹೊರಟಾಗ, ಗಿರಿಜಾ ಹೇಳುವ ಮೊದಲೇ, ನಾನೇ ಸ್ಟೀರಿಂಗ್ ಹಿಡಿದೆ. ಹುರುಳಿ ಹರವಿದ ಜಾಗ ಬಂದಾಗ ನಿಲ್ಲಿಸದೆ, ಎಡಕ್ಕೂ ಬಲಕ್ಕೂ ಚೆನ್ನಾಗಿ ತುಳಿದುಕೊಂಡು ಹೋದೆ.

ಮನೆ ಸೇರಿದಾಗ ಗಂಗಾವತಿಯ ಗಿರಣಿಯವರ ಸಂದೇಶ ಬಂದಿತ್ತು. "ಡಾಕ್ಟರ್ರ, ಹೊಸ ಅಪ್‌ಡೇಟ್ ಹೆಂಗೈತ್ರಿ?"

ಬಹಳ ಹೊತ್ತು ಯೋಚಿಸಿ ಉತ್ತರ ಬರೆದೆ.

"ಹಾಡಿನ ದನಿ ಒಂದೀಟು ಛಲೋ ಆಗೈತ್ರಿ."