ಅಳಿಯಂದಿರು ಕಲರ್ ಕಾರ್ಡ್ ಕಿತ್ತದ್ದು

ಹೆಂಡತಿಯ ತವರಿನಲ್ಲಿ ಅಳಿಯನಿಗೆ ಸಿಗುವ ಮರ್ಯಾದೆಯಷ್ಟು ಅಪಾಯಕಾರಿ ವಸ್ತು ಇನ್ನೊಂದಿಲ್ಲ ಎಂದು ನಾನು ಅನುಭವದಿಂದ ಹೇಳುತ್ತೇನೆ. ನಮ್ಮ ಕಡೆ ಅಳಿಯನಿಗೆ ಮೀನಿನ ದೊಡ್ಡ ತುಂಡು ಸಿಗುತ್ತದೆ, ಫ್ಯಾನಿನ ಕೆಳಗಿನ ಕುರ್ಚಿ ಸಿಗುತ್ತದೆ, ನಿಜವಾದ ಮಾತೊಂದು ಮಾತ್ರ ಸಿಗುವುದಿಲ್ಲ. ಅವನು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಇಡೀ ದಿನ ಜಗಲಿಯಲ್ಲಿ ಕುಳಿತರೂ ಯಾರೂ ಬಾಯಿ ಬಿಡುವುದಿಲ್ಲ. ಅತ್ತೆ ಮಗಳಿಗೆ ಹೇಳಿ, ಮಗಳು ಗಂಡನನ್ನು ಒಳಕೋಣೆಗೆ ಕರೆದು ಹೇಳುವಷ್ಟರಲ್ಲಿ ಬಂದವರು ಹೋದವರೆಲ್ಲ ನೋಡಿ ಆಗಿರುತ್ತದೆ. ಇದನ್ನೆಲ್ಲ ನಾನು ಬರೀ ಪ್ರೀತಿ ಎಂದೇ ತಿಳಿದಿದ್ದೆ, ಎಂಬತ್ತರ ದಶಕದ ಕೊನೆಯ ಒಂದು ಶನಿವಾರದವರೆಗೆ.

ಆಗ ನಾನು ಮಣಿಪಾಲದ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಇದು ಸುಳ್ಳಲ್ಲ. ಕಂಪ್ಯೂಟರು ಎ.ಸಿ. ಕೋಣೆಯ ಒಳಗಿತ್ತು, ನಾನು ಹೊರಗಿದ್ದೆ. ಒಳಗಿನಿಂದ ಬರುವ ಉದ್ದುದ್ದ ಕಾಗದಗಳನ್ನು ಹರಿದು, ಮಡಚಿ, ಮೇಜು ಮೇಜಿಗೆ ಹಂಚುವುದು ನನ್ನ ಕೆಲಸ. ಬೆಳಿಗ್ಗೆ ಚಪ್ಪಲಿ ಕಳಚಿ ಒಳಗೆ ಹೋಗಿ ಯಂತ್ರಗಳ ಮೇಲಿನ ಬಟ್ಟೆ ತೆಗೆಯುವ, ಸಂಜೆ ಮತ್ತೆ ಹೊದಿಸುವ ಅಧಿಕಾರವೂ ಇತ್ತೆನ್ನಿ. ಆದರೆ ಮಣಿಪಾಲದಿಂದ ಹೊರಟ ಈ ಸುದ್ದಿ ಕಾಪು ತಲುಪುವಷ್ಟರಲ್ಲಿ ಚೆನ್ನಾಗಿ ಉಬ್ಬಿಕೊಂಡಿತ್ತು. ಕಾಪುವಿನಲ್ಲಿದ್ದ ನನ್ನ ಮಾವ ಮೀನು ಮಾರ್ಕೆಟ್ಟಿನಲ್ಲಿ ನಿಂತು, "ಮಣಿಪಾಲದ ಕಂಪ್ಯೂಟರ್ ಎಲ್ಲ ನಮ್ಮ ಅಳಿಯಂದಿರ ಕೈಯಲ್ಲೇ ಇರುವುದು" ಎನ್ನುತ್ತಿದ್ದರಂತೆ. ಅದು ನನ್ನ ಕಿವಿಗೂ ಬಿತ್ತು. ಹಿರಿಯರ ಮಾತನ್ನು ತಿದ್ದುವುದು ನಮ್ಮ ಸಂಸ್ಕಾರವಲ್ಲ ಎಂದು ಸುಮ್ಮನಾದೆ.

ಈ ಧೈರ್ಯದ ಮೇಲೆಯೇ ನನ್ನ ಹೆಂಡತಿಯ ತಮ್ಮ ಜಯರಾಮ ಕಾಪುವಿನಲ್ಲಿ, ಮನೆಯ ಎದುರಿನ ಕೋಣೆಯಲ್ಲೇ, ಕಂಪ್ಯೂಟರ್ ಕ್ಲಾಸ್ ತೆರೆಯಲು ಹೊರಟ. ಮಾವನಿಗೆ ಮೊದಲು ಮನಸ್ಸಿರಲಿಲ್ಲ. "ಅಳಿಯಂದಿರು ಇದ್ದಾರಲ್ಲ" ಎಂದು ಒಪ್ಪಿದರು. ಮಂಗಳೂರಿನಿಂದ ಬಣ್ಣದ ಪರದೆಯ ಕಂಪ್ಯೂಟರ್ ಬಂತು. ಕಾಪುವಿನ ಉಪ್ಪು ಗಾಳಿ ಕಿಟಕಿಯ ಸರಳನ್ನೇ ತಿಂದು ಹಾಕುವಂಥದ್ದು. ಹಾಗಾಗಿ ಮಾವ ಬಡಗಿಯನ್ನು ಕರೆಸಿ, ದೇವರ ಮಂಟಪದಂಥ ಹಲಸಿನ ಮರದ ಪೆಟ್ಟಿಗೆ ಮಾಡಿಸಿ ಅದರೊಳಗೆ ಕಂಪ್ಯೂಟರನ್ನು ಕೂರಿಸಿದರು. ಬಡಗಿಯ ಅಳತೆ ಎಷ್ಟು ಕರಾರುವಾಕ್ಕೆಂದರೆ ಸುತ್ತ ಎಲ್ಲೂ ಬೆರಳು ತೂರುವುದಿಲ್ಲ, ಮೇಲಿನಿಂದ ಮುಚ್ಚಳ ಮಾತ್ರ ತೆರೆಯಬಹುದು. ಭಾನುವಾರ ಬೆಳಿಗ್ಗೆ ಉದ್ಘಾಟನೆ. ಊರಿನ ಮಕ್ಕಳಿಗೆಲ್ಲ ಜಯರಾಮ, "ನಮ್ಮ ಕ್ಲಾಸಿನಲ್ಲಿ ಕಲರ್ ಉಂಟು" ಎಂದು ಹೇಳಿಕೊಂಡು ಬಂದಿದ್ದ. ಶುಕ್ರವಾರ ಪರದೆ ಕಪ್ಪಾಗಿ ಕುಳಿತುಬಿಟ್ಟಿತು.

ಈಗಿನವರು ಗ್ರಾಫಿಕ್ಸ್ ಕಾರ್ಡ್ ಎನ್ನುವುದನ್ನು ಆಗ ನಾವು ಕಲರ್ ಕಾರ್ಡ್ ಎನ್ನುತ್ತಿದ್ದೆವು. ಕಂಪ್ಯೂಟರಿನ ಹೊಟ್ಟೆಯೊಳಗೆ ನೆಟ್ಟಗೆ ನಿಂತ ಒಂದು ಹಸಿರು ಹಲಗೆ, ಅದು ಕೆಟ್ಟರೆ ಪರದೆಯಲ್ಲಿ ಏನೂ ಕಾಣದು. ಮಂಗಳೂರಿನ ಅಂಗಡಿಯವರು ಫೋನಿನಲ್ಲಿ, "ಕಾರ್ಡ್ ಮಾತ್ರ ತೆಗೆದು ಶನಿವಾರ ಸಂಜೆಯ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಹತ್ತಿರ ಕೊಡಿ. ರಿಪೇರಿ ಮಾಡಿ ಬೆಳಗ್ಗಿನ ಮೊದಲ ಬಸ್ಸಿಗೆ ಹಾಕುತ್ತೇನೆ" ಎಂದರಂತೆ. ತೆಗೆಯುವವರು ಯಾರು ಎಂಬ ಪ್ರಶ್ನೆ ಆ ಮನೆಯಲ್ಲಿ ಹುಟ್ಟಲೇ ಇಲ್ಲ. ನನಗೆ ಕರೆ ಬಂತು.

ನಾನು ಹೋದಾಗ ಮಾವ ಆರಾಮ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕಕ್ಕೇ ಎಳೆದುಕೊಂಡು ಕುಳಿತಿದ್ದರು. ಪಕ್ಕದ ಮನೆಯ ಲೂಸಿ ಬಾಯಿಯೂ ನೋಡಲು ಬಂದಿದ್ದರು. ಜಯರಾಮ ಕೈಗಳನ್ನು ಹಿಂದೆ ಕಟ್ಟಿಕೊಂಡು ನನ್ನ ಬೆನ್ನ ಹಿಂದೆ ನಿಂತ. ನಾನು "ಸ್ವಿಚ್ ಆಫ್ ಉಂಟಲ್ಲ?" ಎಂದು ಗಂಭೀರವಾಗಿ ಕೇಳಿದೆ. ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿದ್ದ ವಿದ್ಯೆ ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯ ಮುಚ್ಚಳವನ್ನೂ ಕಂಪ್ಯೂಟರಿನ ಮುಚ್ಚಳವನ್ನೂ ತೆರೆದು ಕೈ ತೂರಿಸಿ ಹಲಗೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದೆ. ಕಾರ್ಡ್ ಬರಲಿಲ್ಲ. ಇನ್ನೂ ಜೋರಾಗಿ ಎಳೆದಾಗ ಕಂಪ್ಯೂಟರು ಪೆಟ್ಟಿಗೆಯ ಸಮೇತ ಎದ್ದು ಬಂತು.

"ಬಿಗಿ ಉಂಟು" ಎಂದೆ.

"ಉಂಟು ಭಾವ" ಎಂದ ಜಯರಾಮ.

ಬೆವರಿಗೆ ಬೆರಳು ಜಾರುತ್ತಿತ್ತು, ಅಂಚುಗಳು ಚುಚ್ಚುತ್ತಿದ್ದವು. ಆಗ ನನಗೆ ಬುದ್ಧಿ ಹೊಳೆಯಿತು. ಹಲಸಿನ ಹಣ್ಣು ಬಿಡಿಸುವಾಗ ನಾವು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಹಿಡಿದುಕೊಂಡದ್ದು ಬಿಡುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇರುವ ಔಷಧ ಅದೊಂದೇ. "ಅತ್ತೆ, ಸ್ವಲ್ಪ ತೆಂಗಿನೆಣ್ಣೆ ಕೊಡಿ" ಎಂದೆ. ಅತ್ತೆ ಯಾಕೆ ಎಂದು ಕೇಳದೆ ಬಟ್ಟಲಲ್ಲಿ ತಂದಿಟ್ಟರು. ಲೂಸಿ ಬಾಯಿ ಮಾತ್ರ, "ಮಣಿಪಾಲದಲ್ಲಿಯೂ ಹೀಗೆಯೇ ಮಾಡುವುದಾ?" ಎಂದರು. "ಈಗ ಹೀಗೆಯೇ" ಎಂದು ಹೇಳಿ ಕೈಗೂ ಕಾರ್ಡಿನ ಬುಡಕ್ಕೂ ಧಾರಾಳವಾಗಿ ಹಚ್ಚಿ, ಕಾಲನ್ನು ಮೇಜಿಗೆ ಕೊಟ್ಟು ಎಳೆದೆ. ಲಟಕ್ಕೆಂದು ಸದ್ದಾಯಿತು. ನನ್ನ ಕೈಯಲ್ಲಿ ಮುಕ್ಕಾಲು ಕಾರ್ಡ್ ಇತ್ತು.

"ಬಂತಲ್ಲ!" ಎಂದು ಮಾವ ಕುರ್ಚಿಯಿಂದ ಎದ್ದರು.

"ಸ್ವಲ್ಪ ಒಳಗೆ ಉಳಿದಿದೆ" ಎಂದೆ.

"ಇರಲಿ, ಇರಲಿ. ಬೇರೆಯವರಾದರೆ ಇಷ್ಟೂ ಬರುತ್ತಿರಲಿಲ್ಲ."

ನಾನು ತಿರುಗಿ ನೋಡಿದೆ. ಜಯರಾಮನ ಮುಖದಲ್ಲಿ ರಕ್ತವಿರಲಿಲ್ಲ. ಬೆನ್ನ ಹಿಂದಿದ್ದ ಅವನ ಕೈ ಮುಂದೆ ಬಂದಿತ್ತು, ಅದರಲ್ಲಿ ಒಂದು ಸ್ಕ್ರೂ ಡ್ರೈವರ್ ಇತ್ತು.

"ಅದು ಎಂತಕ್ಕೆ?"

"ಎಂತ ಇಲ್ಲ ಭಾವ. ಹಿಂದಿನ ಮರದ ಪಟ್ಟಿಯ ಅಡಿಯಲ್ಲಿ ಕಾರ್ಡನ್ನು ಹಿಡಿದಿಡುವ ಒಂದು ಸ್ಕ್ರೂ ಉಂಟು. ಅಂಗಡಿಯವರು ಕೂರಿಸುವಾಗ ಹಾಕಿದ್ದು ನೋಡಿದ್ದೆ."

"ಮತ್ತೆ ಹೇಳಬಾರದಿತ್ತಾ ಮಾರಾಯ!"

"ನಿಮಗೆ ಹೇಳುವುದು ಹೇಗೆ ಭಾವ? ನೀವು ಕೇಳಿದರೆ ಕೊಡುವ ಎಂದು ಹಿಡಿದುಕೊಂಡಿದ್ದೆ."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅವನು ಒಂದು ಬೈಗುಳ ಬೈದಿದ್ದರೆ ನಾಚಿಕೆ ಅರ್ಧ ಇಳಿಯುತ್ತಿತ್ತು. ಬೈಯಲಿಲ್ಲ. ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆದು ಮನೆಯ ಎದುರೇ ಹಾದುಹೋಯಿತು. ಊಟಕ್ಕೆ ಕುಳಿತಾಗ ಅತ್ತೆ ಅಂಜಲ್ ಮೀನಿನ ಅತಿ ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ಹಾಕಿ, "ಪಾಪ, ಕೈ ನೋಯಿತೋ ಏನೋ" ಎಂದರು.

ಮರುದಿನ ಉದ್ಘಾಟನೆ ನಡೆಯಿತು. ಶಂಕರಪುರದ ಮಲ್ಲಿಗೆಯನ್ನು ಅತ್ತೆ ಪರದೆಯ ಮೇಲೆ ಎಷ್ಟು ದಪ್ಪವಾಗಿ ಇಳಿಬಿಟ್ಟಿದ್ದರೆಂದರೆ ಕಪ್ಪು ಒಂದಿಷ್ಟೂ ಕಾಣುತ್ತಿರಲಿಲ್ಲ. ದೀಪ ಹಚ್ಚುವವರು ಅಳಿಯಂದಿರೇ ಆಗಬೇಕೆಂದು ಮಾವ ಹಟ ಹಿಡಿದರು. ಹಚ್ಚಿದೆ. ಎರಡು ಮಾತನಾಡಬೇಕೆಂದರು. "ಕಂಪ್ಯೂಟರ್ ಕಲಿಯುವವರಿಗೆ ತಾಳ್ಮೆ ಬೇಕು" ಎಂದೆ. ಮೊದಲು ಚಪ್ಪಾಳೆ ತಟ್ಟಿದವನು ಜಯರಾಮ. ಹಿಂದಿನಿಂದ ಯಾರೋ, "ಕಲರ್ ಯಾವಾಗ ಬರುವುದು?" ಎಂದು ಕೇಳಿದರು. "ಹೂ ತೆಗೆದ ಮೇಲೆ" ಎಂದರು ಮಾವ. ಹೂ ಬಾಡಿ ಉದುರಿದರೂ ಹೊಸ ಕಾರ್ಡ್ ಬರಲಿಲ್ಲ. ಅದು ಬರುವವರೆಗೂ ಜಯರಾಮ ಕರಿಹಲಗೆಯ ಮೇಲೆ ಕಂಪ್ಯೂಟರ್ ಬರೆದು ಪಾಠ ಮಾಡಿದ, ಬಣ್ಣದ ಸೀಮೆಸುಣ್ಣದಲ್ಲಿ. ಕಲರ್ ಉಂಟು ಎಂದು ಮಾತು ಕೊಟ್ಟಿದ್ದನಲ್ಲ. ಕೆಲವು ಮಕ್ಕಳು ಉಡುಪಿಯ ಕ್ಲಾಸಿಗೆ ಹೋದರು. ಉಳಿದವರಿಂದ ಅವನ ಕ್ಲಾಸು ಹೇಗೋ ನಿಂತಿತು. ನನ್ನ ಹತ್ತಿರ ಅವನು ಇಂದಿಗೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ನಾನೂ ಮರೆತಿರುತ್ತಿದ್ದೆನೋ ಏನೋ.

ಈಗ ನನಗೂ ಒಬ್ಬ ಅಳಿಯ ಬಂದಿದ್ದಾನೆ, ಕಾರ್ಕಳದವನು. ಮೊನ್ನೆ ನಮ್ಮ ಮಿಕ್ಸಿ ಕೆಟ್ಟಾಗ, "ಬಿಡಿ, ನಾನು ನೋಡುತ್ತೇನೆ" ಎಂದು ಕುಳಿತ. ಆ ಮಿಕ್ಸಿಯ ತಳದ ತಿರುಪು ಎಲ್ಲದರ ಹಾಗೆ ಅಲ್ಲ, ಉಲ್ಟಾ ತಿರುಗಿಸಬೇಕು. ನನಗೆ ಗೊತ್ತು. ಅವನು ಹಲ್ಲು ಕಚ್ಚಿಕೊಂಡು ಬಿಗಿ ಮಾಡುತ್ತಲೇ ಇದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನ ಹೆಂಡತಿ, "ಹೇಳಬಾರದಾ?" ಎಂದು ಕಣ್ಣಿನಲ್ಲೇ ಕೇಳಿದಳು. ನಾನು ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದುಕೊಂಡು ಇಲ್ಲವೆಂದು ತಲೆ ಆಡಿಸಿದೆ. ಅಳಿಯಂದಿರಿಗೆ ಹೇಳುವುದು ಹೇಗೆ?

ಅಷ್ಟರಲ್ಲಿ ಅವನು ಬೆವರೊರೆಸಿಕೊಂಡು ತಿರುಗಿ, "ಮಾವ, ಸ್ವಲ್ಪ ತೆಂಗಿನೆಣ್ಣೆ ಉಂಟಾ?" ಎಂದ.

ತಂದುಕೊಟ್ಟೆ.