ಎದೆಬಡಿತವಿಲ್ಲದ ಓಟಗಾರ

ಗಡಿಯಾರ ನೋಡುವುದನ್ನು ನಾನು ಮೂರನೇ ಇಯತ್ತೆಯಲ್ಲೇ ಕಲಿತವನು. ಮುಂದೆ ಮ್ಯಾಟ್ರಿಕ್ ಕೂಡ ಪಾಸಾದೆ. ಆಮೇಲೆ ಇಚಲಕರಂಜಿಯ ಮಗ್ಗಗಳ ಸದ್ದಿನೊಳಗೆ ಆಯುಷ್ಯ ಸವೆಸಿ, ಯಾವ ಮಗ್ಗದ ಯಾವ ನಟ್ಟು ಸಡಿಲಾಗಿದೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಯಂತ್ರಜ್ಞಾನ ಸಂಪಾದಿಸಿದೆ. ಇಂಥವನ ಕೈಗೆ ಮಗಳು ಸುಜಾತಾ ಒಂದು ಓಟದ ಗಡಿಯಾರ ಕಟ್ಟಿ, "ಅಪ್ಪಾ, ಇದನ್ನ ಹೆಂಗ ನಡಸೂದು ತಿಳಿಸಿ ಹೇಳ್ತೀನಿ, ಕುಂದರ" ಎಂದಾಗ ನನಗೆ ನಗು ಬಂತು.

"ಪವರ್‌ಲೂಮ್ ನಡಿಸಿದವಗ ಗಡಿಯಾರ ಕಲಸ್ತಿ ಏನವ್ವಾ?" ಎಂದೆ.

ಅಲ್ಲೇ ಕೆಟ್ಟಿತು.

ಸುಜಾತಾಳನ್ನು ಕೊಟ್ಟಿರುವುದು ಗಡಹಿಂಗ್ಲಜಕ್ಕೆ. ಅವಳ ಮಾವ, ಅಂದರೆ ನನ್ನ ಬೀಗರಾದ ಆದಗೊಂಡರಿಗೂ ನನಗೂ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿತ್ತು. ಹೀಗೆ ನಮ್ಮಿಬ್ಬರಲ್ಲಿ ಸಮಾನವಾದದ್ದು ಏನಾದರೂ ಒಂದು ಇತ್ತಲ್ಲ ಎಂದು ನನಗೆ ಒಳಗೊಳಗೇ ಸಂತೋಷ. ಇಬ್ಬರಿಗೂ ಡಾಕ್ಟರರು ಓಡಿ, ಆಗದಿದ್ದರೆ ನಡೆಯಿರಿ ಎಂದಿದ್ದರು. ಮಗಳು ಒಂದೇ ತರಹದ ಎರಡು ಗಡಿಯಾರ ತಂದು, ಒಂದು ಮಾವನಿಗೆ, ಒಂದು ಅಪ್ಪನಿಗೆ ಕೊಟ್ಟಳು. ಫೋನಿನಲ್ಲಿ ಇಬ್ಬರನ್ನೂ ಸೇರಿಸಿ ಒಂದು ಗುಂಪು ಮಾಡಿದಳು. ಯಾರು ಎಷ್ಟು ದೂರ ಹೋದರು, ಯಾವ ಹಾದಿಯಲ್ಲಿ ಹೋದರು, ಎದೆ ಹೇಗೆ ಬಡಿಯಿತು, ಎಲ್ಲ ಎಲ್ಲರಿಗೂ ಕಾಣುತ್ತಿತ್ತು. ನಕಾಶೆಯ ಸಮೇತ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಯಾವುದೇ ಕಾರ್ಯವಿರಲಿ, ಹೆಣ್ಣು ಕೊಟ್ಟವನು ಬೀಗರ ತಲೆಗೆ ಕೊಲ್ಹಾಪುರಿ ಫೇಟಾ ಸುತ್ತಿ ಆಹೇರು, ಅಂದರೆ ಉಡುಗೊರೆ, ಮಾಡಬೇಕು. ಅವರು ನಮಗೆ ತಿರುಗಿ ಕೊಡುವುದು ಒಂದು ಬಿಳಿ ಟೋಪಿ ಮತ್ತು ಒಂದು ಟಾವೆಲ್. ಮಗಳ ಮದುವೆಯಿಂದ ಇಲ್ಲಿಯವರೆಗೆ ಆದಗೊಂಡರ ತಲೆಗೆ ನಾನು ಎಷ್ಟು ಫೇಟಾ ಸುತ್ತಿದ್ದೇನೋ ಭಗವಂತನಿಗೆ ಗೊತ್ತು. ಅವರ ತಲೆಯ ಅಳತೆ ನನ್ನ ಬೆರಳಿಗೆ ಬಾಯಿಪಾಠ. ನನ್ನ ಕಪಾಟಿನಲ್ಲಿ ಟೋಪಿಯ ಅಂಗಡಿ ಇಡುವಷ್ಟು ಟೋಪಿಗಳು, ಊರ ಮಂದಿಗೆಲ್ಲ ಮೈ ಒರೆಸುವಷ್ಟು ಟಾವೆಲ್‌ಗಳು. ಬೀಗರು ಒಳ್ಳೆಯ ಮನುಷ್ಯರೇ. ಆದರೆ ಫೇಟಾ ಸುತ್ತಿಸಿಕೊಳ್ಳುವಾಗ ಗದ್ದ ಸ್ವಲ್ಪ ಮೇಲೆತ್ತುತ್ತಾರೆ. ಆ ಗದ್ದ ನನ್ನ ನಿದ್ದೆ ಕೆಡಿಸಿತ್ತು.

ಗಡಿಯಾರ ಬಂದ ವಾರವೇ ಅವರು ಫೋನ್ ಮಾಡಿದರು.

"ಬೀಗರ, ದೀಪಾವಳಿ ಆದ ಮ್ಯಾಲೆ ನಮ್ಮ ಹೊಸ ಮನಿ ವಾಸ್ತುಶಾಂತಿ. ಫೇಟಾ ತಯಾರ ಇಟ್ಕೋರಿ."

ನನ್ನ ಬಾಯಿಯಿಂದ ಮಾತು ತಾನಾಗಿ ಜಾರಿತು. "ಈ ಸಲ ಗಡಿಯಾರ ಏನ್ ಹೇಳ್ತೈತಿ ನೋಡೂಣ್ರಿ. ಅಲ್ಲೀತನಕ ಯಾರ ದೂರ ಹೆಚ್ಚಾಗ್ತೈತಿ, ಅವರ ತಲಿಗೆ ಫೇಟಾ."

ಬೀಗರು, "ಕಬೂಲ್. ನಾ ಸೋತ್ರ ಮಂದಿ ಮುಂದ, ನನ್ನ ಕೈಯಾರೆ ಸುತ್ತತೀನಿ" ಎಂದರು.

ಫೋನ್ ಇಟ್ಟು ತಿರುಗಿದರೆ ಹೆಂಡತಿ ರತ್ನಾಬಾಯಿ ಬಾಗಿಲಲ್ಲಿ ನಿಂತಿದ್ದಳು.

"ಯಾರನ್ನ ಕೇಳಿ ಪೈಜ್ ಕಟ್ಟಿದ್ರಿ? ಸೋತ್ರ ಮಗಳ ಮಾರಿ ಎಲ್ಲಿಡ್ಬೇಕು?"

"ಸೋಲೂದ್ ಎಲ್ಲಿ ಬಂತು?" ಎಂದೆ. ಆಗಿನ ನನ್ನ ಧೈರ್ಯ ನೆನೆದರೆ ಈಗ ಮೈ ನಡುಗುತ್ತದೆ.

ಮರುದಿನ ಬೆಳಗಾಗುತ್ತಲೇ ಹೊಸ ಬೂಟು ಹಾಕಿಕೊಂಡು, ಗಡಿಯಾರದ ಗುಂಡಿ ಒತ್ತಿ ಓಡಿದೆ. ನದಿಯ ಕಡೆಗೆ ಓಡಿದೆ, ನಾಯಿ ಬೆನ್ನು ಹತ್ತಿದ್ದರಿಂದ ಮನಸ್ಸಿಲ್ಲದಿದ್ದರೂ ಇನ್ನಷ್ಟು ಓಡಿದೆ. ನಾಲಗೆ ಹೊರಗೆ ಹಾಕಿಕೊಂಡು ಮನೆಗೆ ಬಂದು ನೋಡಿದರೆ ನಕಾಶೆಯ ಜಾಗದಲ್ಲಿ ಏನೂ ಇಲ್ಲ. ಗೆರೆಯಿಲ್ಲ, ಚುಕ್ಕೆಯಿಲ್ಲ. ಮಗಳಿಗೆ ಫೋನ್ ಮಾಡಿ ಗಡಿಯಾರ ಕೆಟ್ಟಿದೆ ಎಂದು ಗದರಿಸಿದೆ.

"ಅಪ್ಪಾ, ಫೋನ್ ಎಲ್ಲಿತ್ತು?"

"ಮನ್ಯಾಗ."

"ಅದಕ್ಕ ನಾ ಕುಂದರ ಅಂದಿದ್ದೆ. ಆ ಗಡಿಯಾರದಾಗ ಜಿಪಿಎಸ್ ಇಲ್ಲ. ಹಾದಿ ತಿಳಿಯೂದು ಫೋನಿಗೆ. ಫೋನ್ ಎಲ್ಲಿ ಹೋಗ್ತೈತಿ, ನಕಾಶಾ ಅಲ್ಲಿ ಹೋಗ್ತೈತಿ. ನಕಾಶಾ ಇಲ್ಲದ್ದು ಗುಂಪಿನಾಗ ಹಿಡಿಯಂಗಿಲ್ಲ."

ಹಿಂದಿನಿಂದ ಹೆಂಡತಿಯ ಧ್ವನಿ ಬಂತು. "ಓಡಿದವ್ರು ನೀವು. ಲೆಕ್ಕಕ್ಕ ಹಿಡದದ್ದು ಗಾದಿ ಮ್ಯಾಲೆ ಮಲಗಿದ್ದ ಫೋನು."

ಮರುದಿನ ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಓಡಿದೆ. ಹೆಜ್ಜೆಗೊಮ್ಮೆ ಅದು ಎದೆಗೆ ಗುದ್ದುತ್ತಿತ್ತು. ಒಂದು ಕೈಯಿಂದ ಎದೆ ಹಿಡಿದುಕೊಂಡು ಓಡುವ ಮುದುಕನನ್ನು ಕಂಡು ಇಬ್ಬರು ಸ್ಕೂಟರ್ ನಿಲ್ಲಿಸಿ ದವಾಖಾನೆಗೆ ಕರೆದೊಯ್ಯಲು ಮುಂದಾದರು. ಮೂರನೆಯ ದಿನ ಫೋನನ್ನು ಸೊಂಟಕ್ಕೆ ಪಂಚೆಯ ತುಂಡಿನಿಂದ ಬಿಗಿದೆ. ಫೋನ್ ಗಟ್ಟಿಯಾಗಿ ಕುಳಿತಿತು, ಆದರೆ ಮೊಣಕಾಲು ಕೈಕೊಟ್ಟಿತು. ಎಣ್ಣೆ ಹಚ್ಚಿಕೊಂಡು ಮಂಚದ ಮೇಲೆ ಮಲಗಿ ಗುಂಪು ತೆರೆದು ನೋಡಿದರೆ, ಆದಗೊಂಡರು ಮಹಾಗಾಂವದ ಹಾದಿ ಹಿಡಿದು ಅರ್ಧ ತಾಲೂಕು ತಿರುಗಿ ಬಂದಿದ್ದರು. ಅವರ ಗೆರೆ ನಕಾಶೆಯ ಮೇಲೆ ಕಬ್ಬಿನ ಸಾಲಿನ ಹಾಗೆ ಉದ್ದಕ್ಕೆ ಬಿದ್ದಿತ್ತು.

ಮಲಗಿದಲ್ಲೇ ನನಗೆ ಮಗಳ ಮಾತು ನೆನಪಾಯಿತು. ಫೋನ್ ಎಲ್ಲಿ ಹೋಗುತ್ತದೋ ನಕಾಶೆ ಅಲ್ಲಿ ಹೋಗುತ್ತದೆ. ಅವಳು ನನ್ನ ತಪ್ಪು ತಿದ್ದಲು ಹೇಳಿದ್ದಳು. ನಾನು ಅದನ್ನು ಉಪಾಯ ಎಂದು ತಿಳಿದೆ.

ರತ್ನಾಬಾಯಿ ದಿನಾ ಬೆಳಿಗ್ಗೆ ಬಸದಿಗೆ ಹೋಗುತ್ತಾಳೆ. ಅಲ್ಲಿಂದ ಹಿಟ್ಟಿನ ಗಿರಣಿ, ಅಲ್ಲಿಂದ ಭಾಜಿ ಮಂಡಿ, ಅಲ್ಲಿಂದ ಮನೆ. ಎಲ್ಲ ಕಾಲ್ನಡಿಗೆ. ಅವಳ ಕೈಯಲ್ಲಿ ಬಟ್ಟೆಯ ದೊಡ್ಡ ಚೀಲ. ಒಂದು ಬೆಳಿಗ್ಗೆ ಫೋನಿನಲ್ಲಿ ಓಟ ಶುರು ಮಾಡಿ, ಸದ್ದು ಅಡಗಿಸಿ, ಆ ಚೀಲದ ತಳಕ್ಕೆ ಸೇರಿಸಿದೆ. ನಾನು ಬೂಟು ಹಾಕಿಕೊಂಡು, ಕೈಯಲ್ಲಿ ಗಡಿಯಾರ ಕಟ್ಟಿಕೊಂಡು, ಗಂಭೀರವಾಗಿ ಓಣಿಯ ತಿರುವಿನವರೆಗೆ ಓಡಿದೆ. ತಿರುವಿನಾಚೆ ಒಂದು ಹೋಟೆಲ್ ಇದೆ. ಅಲ್ಲಿ ಶಿರಾ ಬಹಳ ಚಲೋ ಮಾಡುತ್ತಾರೆ.

ಅವಳು ಮನೆಗೆ ಬಂದು ಚೀಲ ಇಳಿಸಿದ ಮೇಲೆ, ನಲ್ಲಿಯ ನೀರನ್ನು ಬನಿಯನ್ನಿಗೆ ಎರಚಿಕೊಂಡು, ಏದುಸಿರು ಬಿಡುತ್ತ ಒಳಗೆ ಬಂದೆ. ಅವಳು ಚಹಾಕ್ಕೆ ಇಟ್ಟಾಗ ಬದನೆಕಾಯಿಯ ಕೆಳಗಿನಿಂದ ಫೋನ್ ತೆಗೆದುಕೊಂಡೆ. ನಕಾಶೆಯ ಮೇಲೆ ಎಂಥ ಸೊಗಸಾದ ಗೆರೆ! ಆ ದಿನದಿಂದ ನನ್ನ ಓಟ ಒಂದು ದಿನವೂ ತಪ್ಪಲಿಲ್ಲ. ಶಿರಾ ಕೂಡ ತಪ್ಪಲಿಲ್ಲ.

ಕೆಲವು ದಿನಗಳಲ್ಲೇ ನಾನು ಬೀಗರ ಹಿಂದೆ ಬಂದು ನಿಂತೆ. ಅವರ ಫೋನ್ ಬಂತು.

"ಬೀಗರ, ಓಡ್ತೀರಿ ಚಲೋ. ಆದ್ರ ದಿನಾ ಭಾಜಿ ಮಂಡ್ಯಾಗ ಅಷ್ಟೊತ್ತು ಯಾಕ ನಿಂದರ್ತೀರಿ?"

"ಅದಕ್ಕ ಇಂಟರ್ವಲ್ ಟ್ರೇನಿಂಗ್ ಅಂತಾರ್ರಿ. ಓಡೂದು, ನಿಂದರೂದು, ಮತ್ತ ಓಡೂದು."

"ಮತ್ತ ಎದಿ ಬಡತದ ಜಾಗಾದಾಗ ಏನೂ ಕಾಣವಲ್ದಲ್ರಿ?"

ಇದು ನನಗೆ ಹೊಳೆದಿರಲಿಲ್ಲ. ಎದೆ ಮತ್ತು ಗಡಿಯಾರ ಹೋಟೆಲಿನಲ್ಲಿ, ಫೋನು ಭಾಜಿ ಮಂಡಿಯಲ್ಲಿ. ಅಷ್ಟು ದೂರದಿಂದ ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ನಕಾಶೆಯ ಪ್ರಕಾರ ನಾನು ಜೀವವಿಲ್ಲದೆ ಊರೆಲ್ಲ ಓಡುತ್ತಿದ್ದೆ.

"ನನ್ನ ಎದಿ ಭಾಳ ಶಾಂತ ಐತ್ರಿ. ಧ್ಯಾನ ಮಾಡ್ತೀನಿ" ಎಂದೆ.

"ಓಡೂ ಮುಂದ?"

"ಓಡೂ ಮುಂದನ."

"ಮಾನಲಂ ಬುವಾ", ಅಂದರೆ ಒಪ್ಪಿದೆನಪ್ಪಾ, ಎಂದರು ಬೀಗರು. ಅವರಿಗೆ ನಿಜವಾಗಿ ಯಾರ ಮೇಲಾದರೂ ಗೌರವ ಬಂದರೆ ಮಾತು ಮರಾಠಿಗೆ ಹೊರಳುತ್ತದೆ. ನಾನು ಹಿಗ್ಗಿದೆ.

ಆದರೆ ಒಂದು ದಿನ ಹೆಂಡತಿ ಬಸದಿಯಿಂದ ನೇರವಾಗಿ ರಿಕ್ಷಾ ಹತ್ತಿ ಕೊರೋಚಿಯ ತಂಗಿಯ ಮನೆಗೆ ಹೋದಳು. ನನಗೆ ಸುದ್ದಿಯಿಲ್ಲ. ಸಂಜೆ ಬೀಗರ ಫೋನ್.

"ಬೀಗರ, ಇವತ್ತ ಕೊರೋಚಿತನಕ ಹಾರಿ ಹೋಗೇರಿ."

"ಹೌದ್ರಿ. ಇಳಕಲ ಹಾದಿ ಇತ್ತು, ಕಾಲ ತಾವ ಓಡಿದ್ವು."

"ಬರೂ ಮುಂದನೂ ಇಳಕಲ ಇತ್ತೇನು?"

ನನಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು. ಕೊನೆಗೆ ಮಗಳೇ ಆ ದಿನದ ಓಟವನ್ನು ಗುಂಪಿನಿಂದ ಅಳಿಸಿ, "ಗಡಿಯಾರ ತಪ್ಪ ತೋರ್ಸೇತಿ" ಎಂದು ಎಲ್ಲರಿಗೂ ತಿಳಿಸಿದಳು. ಗಡಿಯಾರದ ಕ್ಷಮೆಯನ್ನು ನಾನು ಇನ್ನೂ ಕೇಳಿಲ್ಲ.

ವಿಚಿತ್ರವೆಂದರೆ ಅದಾದ ಮೇಲೆ ಹೆಂಡತಿ ಎಂದೂ ರಿಕ್ಷಾ ಹತ್ತಲಿಲ್ಲ. ಅವಳ ಹಾದಿಯೂ ದಿನದಿಂದ ದಿನಕ್ಕೆ ಉದ್ದವಾಗತೊಡಗಿತು. ಹತ್ತಿರದ ಗಿರಣಿಯ ಹಿಟ್ಟು ದಪ್ಪ ಎಂದು ದೂರದ ಗಿರಣಿಗೆ ಹೋದಳು. ಮಂಡಿಯಲ್ಲಿ ಮೆಂತೆ ಕೊಂಡು, ಕೊತ್ತಂಬರಿ ಮರೆತೆನೆಂದು ಮನೆಯ ಬಾಗಿಲಿನಿಂದ ತಿರುಗಿ ಹೋದಳು. ಮರೆವು ಹೆಚ್ಚಾಯಿತು, ವಯಸ್ಸಾಯಿತು ಪಾಪ ಎಂದುಕೊಂಡೆ. ಅವಳ ಮರೆವಿನ ಪುಣ್ಯದಿಂದ ನಾನು ಬೀಗರನ್ನು ದಾಟಿ ಮುಂದೆ ಹೋದೆ.

ಒಂದು ದಿನ ವಾಸ್ತುಶಾಂತಿಗೆಂದು ಹೊಸ ಪ್ಯಾಂಟು ಹಾಕಿ ನೋಡಿದೆ. ಗುಂಡಿ ಕೂಡಲಿಲ್ಲ. ಉಸಿರು ಎಳೆದುಕೊಂಡೆ, ಆದರೂ ಕೂಡಲಿಲ್ಲ.

"ಎಲ್ಲಾರೂ ಓಡಿದ್ರ ಹೊಟ್ಟಿ ಒಳಗ ಹೋಗ್ತೈತಿ" ಎಂದಳು ರತ್ನಾಬಾಯಿ. "ನಿಮ್ದು ನಿಮಗಿಂತ ಮುಂದ ಓಡಾಕತ್ತೈತಿ."

ನಾನು ಕೊನೆಯ ದಿನದ ಎಣಿಕೆಯಲ್ಲೂ ಮುಂದಿದ್ದೆ. ಗೆಲುವು ಖಚಿತವಾದ್ದರಿಂದ ಗಡಹಿಂಗ್ಲಜಕ್ಕೆ ಹೊರಡುವಾಗ ಫೇಟಾ ಒಯ್ಯಲೇ ಇಲ್ಲ. ಬರಿಗೈಯಲ್ಲಿ ಬೀಗರ ಮನೆಗೆ ಹೊರಟ ಮೊದಲ ಹೆಣ್ಣಿನ ತಂದೆ ನಾನೇ ಇರಬೇಕು. ದಾರಿಯುದ್ದಕ್ಕೂ ಬಸ್ಸಿನ ಗಾಜಿನಲ್ಲಿ ನನ್ನ ಗದ್ದ ನೋಡಿಕೊಂಡೆ. ಎಷ್ಟು ಎತ್ತಿದರೆ ಚಂದ ಎಂದು.

ಮನೆ ತುಂಬ ಮಂದಿ. ಪೂಜೆ ಮುಗಿದು ಆಹೇರಿನ ಹೊತ್ತು ಬಂತು. ಆದಗೊಂಡರು ಕೊಲ್ಹಾಪುರದಿಂದ ತರಿಸಿದ ಕೇಸರಿ ಫೇಟಾ ಹಿಡಿದು ಎಲ್ಲರ ನಡುವೆ ನಿಂತು, "ನಾ ಸೋತೇನಿ. ಈ ವಯಸ್ಸಿನಾಗ ಹಿಂಗ ಓಡಿದವ್ರನ್ನ ನಾ ಕಂಡಿಲ್ಲ. ಬೀಗರ, ಬರ್ರಿ, ಕುಂದರ್ರಿ" ಎಂದರು. ನಾನು ಮಣೆಯ ಮೇಲೆ ಕುಳಿತು ಗದ್ದ ಎತ್ತಿದೆ. ಸುಜಾತಾ ಒಂದು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಜನ್ಮ ಸಾರ್ಥಕವಾಗಲು ಇನ್ನು ಒಂದೇ ಸುತ್ತು ಬಾಕಿ.

ಬೀಗರು ಹತ್ತಿರ ಬಂದರು. ಕುಂಟುತ್ತ ಬಂದರು. ಗದ್ದ ಎತ್ತಿದ್ದರೂ ಕಣ್ಣು ಕೆಳಗೆ ಹೋಯಿತು. ಅವರ ಹಿಮ್ಮಡಿಗಳ ಮೇಲೆ ಬೊಬ್ಬೆಗಳು, ಬೊಬ್ಬೆಗಳ ಮೇಲೆ ಅರಿಶಿನ. ಆ ಮನುಷ್ಯ ನಿಜವಾಗಿ ಓಡಿದ್ದ. ಪ್ರತಿ ದಿನ, ಪ್ರತಿ ಹೆಜ್ಜೆ, ತನ್ನದೇ ಕಾಲಿನಿಂದ, ಎದೆಬಡಿತದ ಸಮೇತ ಓಡಿದ್ದ.

ಪರ್ಯೂಷಣ ಮುಗಿದ ಮೇಲೆ ಕ್ಷಮಾವಣಿಯ ದಿನ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳುವುದು ನಮ್ಮ ಜೈನರಲ್ಲಿ ಪದ್ಧತಿ. ವರ್ಷದ ತಪ್ಪನ್ನೆಲ್ಲ ಒಂದೇ ಮಾತಿನಲ್ಲಿ ತೊಳೆದುಕೊಳ್ಳುವ ಈ ಅನುಕೂಲ ನನಗೆ ಬಹಳ ಇಷ್ಟ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಆದರೆ ಅಂದು ಕ್ಷಮಾವಣಿ ಇರಲಿಲ್ಲ. ತಪ್ಪಿನ ಹೆಸರು ಹೇಳಲೇಬೇಕಾಯಿತು.

"ಬೀಗರ, ಸುತ್ತಬ್ಯಾಡ್ರಿ" ಎಂದು ಎದ್ದು ನಿಂತೆ. "ನಾ ಓಡಿಲ್ಲ. ನನ್ನ ಫೋನು ಇಕಿ ಚೀಲದಾಗ ತಿರಗ್ಯಾಡೇತಿ. ನಾ ಹೋಟೆಲ್‌ನ್ಯಾಗ ಶಿರಾ ತಿನಕೋತ ಕುಂತಿದ್ದೆ."

ಬೀಗರು ಫೇಟಾದ ಬಟ್ಟೆ ಹಿಡಿದು ಹಾಗೇ ನಿಂತರು. ಆಮೇಲೆ ನಿಧಾನವಾಗಿ ನನ್ನ ಹೆಂಡತಿಯ ಕಡೆ ತಿರುಗಿದರು.

"ಹಂಗಾರ ನಡದವ್ರು ನೀವೇನು? ನಿಮಗ ಗೊತ್ತಿತ್ತೇನ್ರಿ?"

"ಮೊದ್ಲ ಗೊತ್ತಿರಲಿಲ್ರಿ" ಎಂದಳು ರತ್ನಾಬಾಯಿ, ಸೆರಗು ಸರಿಮಾಡಿಕೊಳ್ಳುತ್ತ. "ಇವ್ರು ಒಂದಿನ ಸದ್ದ ಅಡಗಸೂದ ಮರತಿದ್ರು. ಬಸದ್ಯಾಗ ಕಣ್ಣ ಮುಚ್ಚಿ ನಿಂತಿದ್ನಿ, ಚೀಲದಾಗಿಂದ ಒಬ್ಬಾಕಿ ಇಂಗ್ಲೀಷಿನಾಗ ಮಾತಾಡಿದ್ಲು. ದೇವಿನ ಮಾತಾಡಿದ್ಲಂತ ಅಡ್ಡ ಬಿದ್ನಿ. ಎದ್ದ ನೋಡಿದ್ರ ಇವ್ರ ಫೋನು. ನಕಾಶಾದ ಮ್ಯಾಲೆ ನನ್ನ ಹಾದಿ."

"ಮತ್ತ ಯಾಕ ಸುಮ್ಮನಿದ್ರಿ?"

ಅವಳು ಬೀಗರ ಕೈಯಲ್ಲಿದ್ದ ಫೇಟಾ ನೋಡಿದಳು. ಆಮೇಲೆ ಹೇಳಿದಳು. "ಮಗಳನ್ನ ಕೊಟ್ಟಾಗಿಂದ ಈ ಮನಿಗೆ ಬಂದಾಗೊಮ್ಮೆ ನಾವ ಕೈ ಮುಗದ ನಿಂತೇವ್ರಿ. ಒಂದ ಸಲ, ಒಂದ ಸಲ ಇವ್ರ ತಲಿ ಮ್ಯಾಲೆ ನಿಮ್ಮ ಕೈಲೆ ಫೇಟಾ ನೋಡ್ಬೇಕನಿಸ್ತು. ಅದಕ್ಕ ದೂರದ ಗಿರಣಿ ಹಿಡದ್ನಿ."

ಕೊತ್ತಂಬರಿ ಮರೆತದ್ದೆಲ್ಲ ನನಗೆ ಆಗ ನೆನಪಾಯಿತು.

ಬೀಗರು ಗಡಿಯಾರದ ಗುಂಪಿನ ಪಟ್ಟಿ ಫೋನಿನಲ್ಲಿ ತೆರೆದು ಒಮ್ಮೆ ನೋಡಿದರು. ಆಮೇಲೆ ಹೆಂಡತಿಯನ್ನು ಕರೆದರು. "ಏ, ಇತ್ತ ಬಾ. ಪೈಜ್ ಅಂದ್ರ ಪೈಜ್. ದೂರ ಹೆಚ್ಚ ಆದವ್ರ ತಲಿಗೆ ಫೇಟಾ ಅಂತ ಮಾತಾಗೇತಿ. ಗಂಡಸರ ತಲಿ ಅಂತ ಯಾರೂ ಅಂದಿಲ್ಲ. ನಾ ಪದರ ಹಿಡೀತೀನಿ, ನೀ ಸುತ್ತ."

ಬೀಗತಿ ಸುತ್ತಿದರು, ಬೀಗರು ಬಗ್ಗಿ ಬಟ್ಟೆಯ ತುದಿ ಹಿಡಿದರು. ಸೆರಗಿನ ಮೇಲೆ ಕೇಸರಿ ಫೇಟಾ ಏರಿತು, ತುರಾಯಿ ನಿಂತಿತು. ಸುಜಾತಾ ಅವ್ವನನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಫೋಟೋ ತೆಗೆದಳು. ಮಂದಿ ಚಪ್ಪಾಳೆ ತಟ್ಟಿದರು. ರತ್ನಾಬಾಯಿ ಗದ್ದವನ್ನು ತುಸು ಎತ್ತಿದಳು. ನಾನು ಬಸ್ಸಿನ ಗಾಜಿನಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಅಷ್ಟು ಚಂದ ಬಂದಿರಲಿಲ್ಲ. ನಮ್ಮ ಮನೆ ಗೆದ್ದಿತ್ತು. ಆ ಗೆಲುವಿನಲ್ಲಿ ನಾನು ಕೊಟ್ಟದ್ದು ಫೋನ್ ಮಾತ್ರ.

ನನಗೆ ಏನೂ ಸಿಗಲಿಲ್ಲ ಎಂದಲ್ಲ. ಹೊರಡುವಾಗ ಬೀಗರು ಕರೆದು ಟೋಪಿ ಹಾಕಿದರು, ಟಾವೆಲ್ ಹೊದಿಸಿದರು.

ಈಗ ಗಡಿಯಾರ ರತ್ನಾಬಾಯಿಯ ಕೈಯಲ್ಲಿದೆ. ಬಳೆಗಳ ನಡುವೆ ಅದಕ್ಕೂ ಜಾಗ ಸಿಕ್ಕಿದೆ. ಬೆಳಿಗ್ಗೆ ಅವಳು ಬಿರಬಿರನೆ ಹೊರಡುತ್ತಾಳೆ, ಎದೆಬಡಿತ ಎಲ್ಲ ಸರಿಯಾಗಿ ಕಾಣುತ್ತದೆ. ಆದರೆ ಆ ಗಡಿಯಾರಕ್ಕೆ ಹಾದಿ ತಿಳಿಯುವುದಿಲ್ಲವಲ್ಲ, ಫೋನ್ ಹತ್ತಿರ ಇರಲೇಬೇಕು. ಫೋನ್ ಹೊತ್ತುಕೊಂಡು ಹಿಂದೆ ಓಡುವ ಕೆಲಸ ನನ್ನದು. ಜೊತೆಗೆ ಚೀಲವೂ ನನ್ನದೇ. ಹೋಟೆಲಿನ ತಿರುವು ಬಂದಾಗ ನನ್ನ ಕಾಲು ತುಸು ನಿಧಾನವಾಗುತ್ತದೆ. ಅಂತರ ಹೆಚ್ಚಾದರೆ ಗಡಿಯಾರ ಕೂಗಿ ಹೇಳುತ್ತದೆ ಎಂದು ಮಗಳು ತಿಳಿಸಿದ್ದಾಳೆ. ಅದು ಕೂಗಿದ್ದನ್ನು ನಾನು ಇನ್ನೂ ಕೇಳಿಲ್ಲ. ಅದಕ್ಕಿಂತ ಮೊದಲೇ ರತ್ನಾಬಾಯಿ ಕೂಗುತ್ತಾಳೆ.