ಎಡಗೈ ಎತ್ತಿದವರು

ಸಮಾಜ ಪಾಠದ ಮೇಷ್ಟ್ರು ಆ ಬೆಳಿಗ್ಗೆ ತರಗತಿಗೆ ನಲವತ್ತು ಚೀಟಿ ಹಂಚಿದರು. ಒಂದೊಂದರಲ್ಲೂ ಒಬ್ಬೊಬ್ಬ ವಿದ್ಯಾರ್ಥಿಯ ಸ್ವಂತ ಅಭಿಪ್ರಾಯ ಮೇಷ್ಟ್ರ ದುಂಡು ಅಕ್ಷರದಲ್ಲಿತ್ತು. ಪಾಠ ವ್ಯಕ್ತಿ ಸ್ವಾತಂತ್ರ್ಯದ್ದು. ಪಾಪ, ಮಕ್ಕಳಿಗೆ ಯೋಚಿಸುವ ತೊಂದರೆ ಬೇಡವೆಂದು ಈ ಏರ್ಪಾಡು. ಪಾಠ ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ಮೆಚ್ಚಿ ಬರೆದರೆ ಆರು ವರ್ಷದಿಂದ ತಾತ್ಕಾಲಿಕವಾಗಿ ಕೊಳೆಯುತ್ತಿದ್ದ ಮೇಷ್ಟ್ರ ಕೆಲಸ ಖಾಯಂ.

“ಏನು ಕೇಳಿದ್ರೂ ಎಲ್ರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ರೆ ಬಲಗೈ, ಗೊತ್ತಿಲ್ದಿದ್ರೆ ಎಡಗೈ. ಬಲಗೈಯವರನ್ನ ಮಾತ್ರ ನಾನು ಎಬ್ಬಿಸ್ತೀನಿ.”

ಅಷ್ಟರಲ್ಲಿ ಹೆಡ್‌ಮೇಡಂ ಬಂದು ನಾಲ್ಕು ಚೀಟಿ ಓದಿ ಮುಖ ಸಿಂಡರಿಸಿದರು. “ಇಷ್ಟೊಂದು ಸ್ವಾತಂತ್ರ್ಯ ಯಾಕ್ರೀ? ಸ್ವಲ್ಪ ಶಿಸ್ತೂ ಸೇರಿಸಿ,” ಎಂದು ತಮ್ಮ ಹಸಿರು ಶಾಯಿಯ ಪೆನ್ನು ಕೊಟ್ಟರು. ಮೇಷ್ಟ್ರು ನಲವತ್ತಕ್ಕೂ ‘ಆದರೆ ಶಿಸ್ತು ಮುಖ್ಯ’ ಎಂದು ಸೇರಿಸಿದರು. ಮೇಡಮ್ಮಿನ ಕೊಡೆ ಒಣಗಿಸುವವರೂ, ಮೊಮ್ಮಗಳ ಹೋಂವರ್ಕ್ ಬರೆಯುವವರೂ ಇವರೇ.

“ಡ್ರಾಯಿಂಗ್ ಮೇಷ್ಟ್ರನ್ನ ನೋಡಿ. ಖಾಯಂ ಆಗಿದ್ದೇ ತಡ, ಕರೆದ್ರೂ ತಿರುಗಿ ನೋಡಲ್ಲ. ನೀವು ಹಾಗಲ್ಲ,” ಎಂದು ಮೇಡಂ ಹೊಗಳಿದರು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

ಇನ್‌ಸ್ಪೆಕ್ಟರು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಪಾಠ ಶುರುವಾಯಿತು.

“ಮನಸ್ಸಿಗೆ ತೋಚಿದ್ದನ್ನು ಹೇಳುವುದೇ ಸ್ವಾತಂತ್ರ್ಯ. ಆದರೆ ಶಿಸ್ತು ಮುಖ್ಯ,” ಎಂದ ಮೊದಲನೆಯವನು.

“ಇಷ್ಟ ಬಂದಲ್ಲಿಗೆ ಹೋಗುವುದೇ ಸ್ವಾತಂತ್ರ್ಯ. ಆದರೆ ಶಿಸ್ತು ಮುಖ್ಯ,” ಎಂದ ಎರಡನೆಯವನು.

ಆಮೇಲೆ ಎರಡು ಜಡೆಯ ಹುಡುಗಿ ಎದ್ದಳು. “ಸಾರ್, ನಂಗೆ ಕೊಟ್ಟಿರೋ ಸ್ವಂತ ಅಭಿಪ್ರಾಯ ನಂಗೆ ಒಪ್ಪಿಗೆ ಇಲ್ಲ. ಬೇರೆ ಕೊಡಿ.”

ಮೇಷ್ಟ್ರ ಬೆವರು ಕಾಲರಿಗಿಳಿಯಿತು. ಇನ್‌ಸ್ಪೆಕ್ಟರು ಎದ್ದು ಮುಂದೆ ಬಂದರು.

“ಚೀಟಿ ಎಲ್ಲ ಒಳಗಿಡಿ. ಒಬ್ಬರ ಸ್ವಾತಂತ್ರ್ಯ ಎಲ್ಲೀವರೆಗೆ? ಯಾರು ಹೇಳ್ತೀರಿ?”

ನಲವತ್ತು ಎಡಗೈಗಳು ಎದ್ದವು.

“ಹೋಗಲಿ, ನೀವೇ ಹೇಳಿ ಮೇಷ್ಟ್ರೇ. ನಿಮ್ಮ ಸ್ವಂತ ಅಭಿಪ್ರಾಯ?”

ಸ್ವಂತ ಅಭಿಪ್ರಾಯ! ಆರು ವರ್ಷದಲ್ಲಿ ಯಾರೂ ಕೇಳಿರದ ವಸ್ತು. ಮೇಷ್ಟ್ರು ಬಾಗಿಲಲ್ಲಿದ್ದ ಮೇಡಮ್ಮಿನ ಕಡೆ ನೋಡಿದರು. ಮೇಡಂ ಫ್ಯಾನಿನ ಕಡೆ ನೋಡಿದರು. ಮೇಷ್ಟ್ರ ಎಡಗೈ ತಾನಾಗಿಯೇ ಮೇಲೆದ್ದಿತು. ತರಗತಿ ಗೊಳ್ಳೆಂದಿತು.

ಆಶ್ಚರ್ಯವೆಂದರೆ, ಇನ್‌ಸ್ಪೆಕ್ಟರೂ ನಕ್ಕರು. “ನಾನೂ ಮೇಷ್ಟ್ರಾಗಿದ್ದವನೇ. ನಮ್ಮಲ್ಲೂ ಇದೇ ಎಡಗೈ, ಇದೇ ಬಲಗೈ. ಗಾಬರಿ ಬೇಡ, ಪಾಠ ಚೆನ್ನಾಗಿತ್ತು.”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಇನ್‌ಸ್ಪೆಕ್ಟರು ವರದಿ ಪುಸ್ತಕ ತೆರೆದರು, ಪೆನ್ನು ಹಿಡಿದು ತಡವರಿಸಿದರು, ಕೊನೆಗೆ ಜೇಬಿನಿಂದ ಒಂದು ಚೀಟಿ ತೆಗೆದು ನೋಡಿಕೊಂಡು ಬರೆದರು. ಮೇಷ್ಟ್ರು ಕತ್ತು ಉದ್ದ ಮಾಡಿ ಇಣುಕಿದರು. ಚೀಟಿ ಹಸಿರು ಶಾಯಿಯದು: ‘ಬಹಳ ವಿಧೇಯರು. ಇನ್ನೂ ಒಂದು ವರ್ಷ ತಾತ್ಕಾಲಿಕವಾಗಿಯೇ ಮುಂದುವರಿಸುವುದು.’

“ಪಾಠ ಚೆನ್ನಾಗಿತ್ತು ಅಂದ್ರಲ್ಲ ಸಾರ್! ಮತ್ತೆ ಇದ್ಯಾಕೆ?”

ಇನ್‌ಸ್ಪೆಕ್ಟರು ಮೇಡಮ್ಮಿನ ಕಡೆ ನೋಡಿದರು. ಮೇಡಂ ಫ್ಯಾನಿನ ಕಡೆ ನೋಡಿದರು. ಇನ್‌ಸ್ಪೆಕ್ಟರು ಮೆಲ್ಲಗೆ ತಮ್ಮ ಎಡಗೈ ಎತ್ತಿದರು.